ಇಬ್ಬರ ಹಾಡು: ಗೀತೆಯ ಆಯ್ಕೆಯೂ ಅಭ್ಯಾಸವೂ

ಪ್ರತಿವರ್ಷವೂ ವಾರ್ಷಿಕೋತ್ಸವವು ಸಮೀಪಿಸಿತೆಂದರೆ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ನಮ್ಮ ಬಳಿಗೆ ಬರುತ್ತಾರೆ. ಒಬ್ಬರ ಕೈಯಲ್ಲಿ ಮೊಬೈಲು, ಇನ್ನೊಬ್ಬರ ಮುಖದಲ್ಲಿ ಸಂಕೋಚ. ಹೆಸರಾಂತ ಗಾಯಕರ ಧ್ವನಿಮುದ್ರಿಕೆಯೊಂದನ್ನು ಕೇಳಿಸಿ, “ಇದನ್ನು ಹಾಡಬೇಕೆಂದಿದ್ದೇವೆ, ಸರ್, ಚೆನ್ನಾಗಿದೆಯಲ್ಲವೇ?” ಎಂದು ಕೇಳುತ್ತಾರೆ. ಹಾಡೇನೋ ಚೆನ್ನಾಗಿಯೇ ಇರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಆ ಹಾಡು ಈ ಇಬ್ಬರ ಕಂಠಕ್ಕೆ, ಈ ಇಬ್ಬರ ನಾಲಗೆಗೆ, ಶಾಲೆಯಲ್ಲಿರುವ ಒಂದು ಹಾರ್ಮೋನಿಯಮ್ಮಿಗೆ ಸಲ್ಲುವುದೇ ಎಂಬುದನ್ನು ಮೊದಲು ನೋಡಬೇಕು. ಇತರರು ಹಾಡಿ ಪ್ರಸಿದ್ಧಗೊಳಿಸಿದ ಗೀತೆಯನ್ನು ಆರಿಸಿಕೊಂಡು ಕಲಿಯುವ ಬಗೆಯನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಬರೆದಿದ್ದೇವೆ. ನಾವು ಸಂಗೀತ ವಿದ್ವಾಂಸರಲ್ಲ, ತಪ್ಪುಮಾಡಿ ಕಲಿತವರು.

ಆ ತಪ್ಪನ್ನೇ ಮೊದಲು ಹೇಳಿಬಿಡುವುದು ಒಳಿತು. ಕೆಲವು ವರ್ಷಗಳ ಹಿಂದೆ ಕನ್ನಡಿಗರ ಒಂದು ಸಣ್ಣ ಕೂಟದಲ್ಲಿ ನಾವೂ ನಮ್ಮ ಸಹೋದ್ಯೋಗಿಗಳಾದ ಅಧ್ಯಾಪಕಿಯೊಬ್ಬರೂ ಕೂಡಿ ಒಂದು ಭಾವಗೀತೆಯನ್ನು ಹಾಡಿದೆವು. ಧ್ವನಿಮುದ್ರಿಕೆಯನ್ನು ನೂರಾರು ಸಲ ಕೇಳಿ, ಗಾಯಕರು ಎಲ್ಲಿ ಎಳೆದರೋ ಅಲ್ಲಿ ಎಳೆದು, ಎಲ್ಲಿ ಉಸಿರು ತೆಗೆದುಕೊಂಡರೋ ಅಲ್ಲಿಯೇ ಉಸಿರು ತೆಗೆದುಕೊಂಡು, ಅವರ ಶ್ರುತಿಯನ್ನೂ ಬಿಡದೆ ಅನುಕರಿಸಿದ್ದೆವು. ಹಾಡು ಮೇಲಕ್ಕೇರಿ ತಾರಸ್ಥಾಯಿಯ ಗಾಂಧಾರವನ್ನು ಮುಟ್ಟಬೇಕಾದಲ್ಲಿ ನಮ್ಮ ಗಂಟಲು ಒಡೆಯಿತು. ಕೆಳಕ್ಕಿಳಿದು ಮಂದ್ರದ ಪಂಚಮಕ್ಕೆ ಬರುವಲ್ಲಿ ಅಧ್ಯಾಪಕಿಯವರ ದನಿ ಪಿಸುಮಾತಾಗಿ ಹೋಯಿತು. ಜನರು ಸೌಜನ್ಯದಿಂದ ಚಪ್ಪಾಳೆ ತಟ್ಟಿದರು. ಅದನ್ನೂ ನುಂಗಿಕೊಳ್ಳಬಹುದಾಗಿತ್ತು. ಆದರೆ ಹೋಟೆಲಿನಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು ಹತ್ತಿರ ಬಂದು, “ಮಾಸ್ತರೇ, ಎರಡನೆಯ ನುಡಿಯಲ್ಲಿ ಏನು ಹೇಳಿದಿರಿ? ಶಬ್ದ ತಿಳಿಯಲಿಲ್ಲ” ಎಂದು ಕೇಳಿದರು. ನಾವು ಆ ಸಾಲನ್ನು ಮತ್ತೆ ಹೇಳಿದೆವು. “ಅಂದರೇನು?” ಎಂದರು. ನಮ್ಮಿಬ್ಬರಲ್ಲಿ ಯಾರಿಗೂ ಉತ್ತರವಿರಲಿಲ್ಲ. ಮನೆಗೆ ಬಂದು ಕವಿಯ ಸಂಕಲನವನ್ನು ತೆರೆದು ನೋಡಿದರೆ ಅಲ್ಲಿದ್ದ ಶಬ್ದವೇ ಬೇರೆ. ಕಿವಿಗೆ ಬಿದ್ದುದನ್ನು ಬರೆದುಕೊಂಡು ಅರ್ಥವಿಲ್ಲದ ಒಂದು ಶಬ್ದವನ್ನು ಎರಡು ತಿಂಗಳು ಭಕ್ತಿಯಿಂದ ಅಭ್ಯಾಸ ಮಾಡಿದ್ದೆವು. ಕನ್ನಡ ಕಲಿಸುವವರಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೇನಿದೆ?

ಇನ್ನು ವಿಷಯಕ್ಕೆ ಬರೋಣ. ಹಾಡನ್ನು ಆರಿಸುವಾಗ ಮೊದಲು ಅಳೆಯಬೇಕಾದುದು ಅದರ ಎತ್ತರ ತಗ್ಗುಗಳನ್ನು. ಹಾಡಿನಲ್ಲಿ ಬರುವ ಅತ್ಯಂತ ಕೆಳಗಿನ ಸ್ವರ ಯಾವುದು, ಅತ್ಯಂತ ಮೇಲಿನದು ಯಾವುದು ಎಂಬುದನ್ನು ಹಾರ್ಮೋನಿಯಮ್ಮಿನ ಮೇಲೆ ಬೆರಳಿಟ್ಟು ಗುರುತಿಸಿ ಬರೆದುಕೊಳ್ಳಿರಿ. ಒಂದು ಸ್ಥಾಯಿಯಲ್ಲಿ ಬಿಳಿಯ ಮನೆಗಳು ೭, ಕರಿಯ ಮನೆಗಳು ೫, ಒಟ್ಟು ೧೨. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಹಬ್ಬಿದ ಹಾಡು ಸುಮಾರು ೨೧ ಮನೆಗಳಷ್ಟು ವಿಸ್ತಾರವುಳ್ಳದ್ದು. ಪಳಗಿದ ಗಾಯಕರಿಗೆ ಅದು ಆಟ, ನಮಗೆ ಬೆಟ್ಟ. ಮಂದ್ರ ನಿಷಾದದಿಂದ ತಾರ ಷಡ್ಜದವರೆಗಿನ ಹಾಡಾದರೋ ೧೩ ಮನೆಗಳಲ್ಲಿಯೇ ಮುಗಿಯುತ್ತದೆ. ಹೊಸಬರು ಇಂತಹ ಹಾಡನ್ನು ಹುಡುಕಬೇಕು. ಚಿಕ್ಕ ಹರವಿನ ಹಾಡು ಸಾಮಾನ್ಯವಾದುದೆಂದು ತಿಳಿಯಬಾರದು. ನಮ್ಮ ಅಜ್ಜಿಯರ ಹಾಡುಗಳಲ್ಲಿ ಎಷ್ಟೋ ಹಾಡುಗಳು ನಾಲ್ಕೈದು ಸ್ವರಗಳಲ್ಲಿಯೇ ಇಡೀ ಬಾಳನ್ನು ಹೇಳಿ ಮುಗಿಸುತ್ತವೆ.

ಹಾಡುವವರು ಒಬ್ಬ ಹುಡುಗ, ಒಬ್ಬ ಹುಡುಗಿ ಆಗಿದ್ದರೆ ತೊಡಕು ಹೆಚ್ಚು. ಐದನೆಯ ಇಯತ್ತೆಯಲ್ಲಿ ಇಬ್ಬರ ದನಿಯೂ ಒಂದೇ ಎತ್ತರದಲ್ಲಿರುತ್ತದೆ. ಸುಮಾರು ೧೨ರಿಂದ ೧೫ರ ವಯಸ್ಸಿನಲ್ಲಿ ಹುಡುಗರ ಕಂಠವು ಒಡೆದು ಹೆಚ್ಚು ಕಡಮೆ ಒಂದು ಸ್ಥಾಯಿಯಷ್ಟು ತಗ್ಗುತ್ತದೆ. ಹುಡುಗಿಯರದು ಎರಡು ಮೂರು ಮನೆಗಳಷ್ಟು ಮಾತ್ರ. (ಎಂಟನೆಯ ಇಯತ್ತೆಯ ಹುಡುಗರು ಇದಕ್ಕಾಗಿ ನಾಚಬೇಕಾಗಿಲ್ಲ, ಆ ದಿನಗಳಲ್ಲಿ ಕಿರಿಚಿ ಹಾಡದಿದ್ದರೆ ಸಾಕು.) ಇಂತಹ ಜೋಡಿಗೆ ಎರಡು ದಾರಿಗಳುಂಟು. ಹಾಡಿನ ಹರವು ಚಿಕ್ಕದಾಗಿದ್ದರೆ ಬಿಳಿ ೧ರಲ್ಲಾಗಲಿ ಬಿಳಿ ೨ರಲ್ಲಾಗಲಿ ಷಡ್ಜವನ್ನಿಟ್ಟು, ಹುಡುಗನು ಕೆಳಗಿನ ಸ್ಥಾಯಿಯಲ್ಲೂ ಹುಡುಗಿಯು ಅದರ ಮೇಲಿನ ಸ್ಥಾಯಿಯಲ್ಲೂ ಒಟ್ಟಿಗೆ ಹಾಡಬಹುದು. ಸೆಕೆಂಡಿಗೆ ೨೨೦ ಕಂಪನಗಳ ಸ್ವರವೂ ೪೪೦ ಕಂಪನಗಳ ಸ್ವರವೂ ಕಿವಿಗೆ ಒಂದೇ ಸ್ವರವೆಂದು ತೋರುವುದು ಪ್ರಕೃತಿಯ ನಿಯಮ. ಎರಡರಷ್ಟಾದ ಕಂಪನವು ಮೂಲಸ್ವರದೊಡನೆ ಬೆರೆತುಹೋಗುತ್ತದೆ. ಹರವು ದೊಡ್ಡದಾಗಿದ್ದರೆ ಒಟ್ಟಿಗೆ ಹಾಡುವ ಹಟವನ್ನು ಬಿಟ್ಟು ಹಾಡನ್ನು ಹಂಚಿಕೊಳ್ಳಬೇಕು. ಬಿಳಿ ೫ರಲ್ಲಿ ಒಂದೇ ಷಡ್ಜವನ್ನಿಟ್ಟುಕೊಂಡು, ತಗ್ಗಿನಲ್ಲಿ ನಡೆಯುವ ಪಲ್ಲವಿಯನ್ನು ಗಂಡುದನಿಗೂ ಮೇಲಕ್ಕೇರುವ ಚರಣವನ್ನು ಹೆಣ್ಣುದನಿಗೂ ಒಪ್ಪಿಸಿದರೆ ಯಾರ ಗಂಟಲಿಗೂ ನೋವಾಗದು. ಅಂದು ಕೂಟದಲ್ಲಿ ನಾವು ಮಾಡಬೇಕಾಗಿದ್ದುದು ಇಷ್ಟೇ.

ಇಬ್ಬರು ಹಾಡುವಾಗ ಇಬ್ಬರೂ ಸದಾ ಹಾಡುತ್ತಿರಬೇಕೆಂಬ ನಿಯಮವಿಲ್ಲ. ನಮ್ಮ ನಾಡಿನಲ್ಲಿ ಇದನ್ನು ಮೊದಲು ಬಲ್ಲವರು ಬೀಸುಕಲ್ಲಿನ ಎದುರುಬದುರು ಕುಳಿತು ರಾಗಿ ಜೋಳಗಳನ್ನು ಬೀಸುತ್ತಿದ್ದ ಹೆಂಗಸರು. ಒಬ್ಬಳು ಒಂದು ಸಾಲನ್ನು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಡಿದು ಮುಂದುವರಿಸುವಳು. ಮೊದಲಿನವಳು ಅಷ್ಟರಲ್ಲಿ ಉಸಿರು ತೆಗೆದುಕೊಳ್ಳುವಳು. ತ್ರಿಪದಿಯನ್ನು ಹಾಡುವಾಗ ನಡುವಿನ ಸಾಲು ಮತ್ತೊಮ್ಮೆ ಬರುವ ಪದ್ಧತಿಯೂ ಇಂತಹ ಕೊಟ್ಟುಕೊಳ್ಳುವ ಹಾಡುಗಾರಿಕೆಗೆ ಹೇಳಿಮಾಡಿಸಿದಂತಿದೆ. ಪ್ರಶ್ನೋತ್ತರವಿರುವ ಪದ್ಯ, ತಾಯಿ ಮಗುವಿನ ಮಾತು, ಗೆಳತಿಯರ ಸಂವಾದ ಮೊದಲಾದವು ಇಬ್ಬರಿಗಾಗಿಯೇ ಹುಟ್ಟಿದಂತಹವು. ಒಂಟಿಜೀವದ ಅಳಲನ್ನು ಹೇಳುವ ಗೀತೆಯನ್ನು ಇಬ್ಬರು ಒಟ್ಟಿಗೆ ಕೂಗಿ ಹಾಡಿದರೆ ಆ ಅಳಲು ನಗೆಗೀಡಾಗುತ್ತದೆ. ಅದನ್ನು ಬಿಟ್ಟುಬಿಡುವುದೇ ಲೇಸು, ಎಷ್ಟೇ ಪ್ರಿಯವಾಗಿದ್ದರೂ.

ಹಾಡನ್ನು ಆರಿಸಿದ ಬಳಿಕ ಮೊದಲನೆಯ ವಾರ ಹಾಡಲೇಕೂಡದು. ಕವಿಯ ಪುಸ್ತಕವನ್ನು ತಂದು ಪದ್ಯವನ್ನು ಕೈಯಾರೆ ನಕಲುಮಾಡಿಕೊಳ್ಳಿರಿ. ಗಾಯಕರು ಸಮಯದ ಅಭಾವದಿಂದ ಕೆಲವು ನುಡಿಗಳನ್ನು ಬಿಟ್ಟಿರುತ್ತಾರೆ. ಬಿಟ್ಟ ನುಡಿಯಲ್ಲಿಯೇ ಪದ್ಯದ ಗುಟ್ಟು ಇರುವುದೂ ಉಂಟು. ಬಳಿಕ ಮಾತ್ರೆಗಳನ್ನು ಎಣಿಸಿರಿ. ವ್ಯಾಕರಣದ ತಾಸಿನಲ್ಲಿ ಲಘುವಿಗೆ ೧, ಗುರುವಿಗೆ ೨ ಎಂದು ಬಾಯಿಪಾಠ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. “ಮಳೆಯು ಬಂತು” ಎಂಬುದು ೩ ಮತ್ತು ೩. ಕೈಯಲ್ಲಿ ತಟ್ಟಿದರೆ ದಾದರಾ ತಾಳದ ೬ ಮಾತ್ರೆಗಳು ತಾನಾಗಿಯೇ ಬರುತ್ತವೆ. “ಮಳೆಯು ಬಂದಿತು” ಎಂದೊಡನೆ ೩ ಮತ್ತು ೪, ಒಟ್ಟು ೭; ಇದು ಮಿಶ್ರಚಾಪುವಿನ ನಡೆ, ಭಾಮಿನೀ ಷಟ್ಪದಿಯ ನಡೆಯೂ ಇದೇ. “ಮಳೆ ಬಂತು” ಎಂದರೆ ೨ ಮತ್ತು ೩. ಎರಡು ಸಲ ಹೇಳಿದರೆ ಝಪ್ ತಾಳದ ೧೦ ಮಾತ್ರೆಗಳಾದವು. ಮಳೆ ಅದೇ, ಬಂದುದೂ ಅದೇ. ಒಂದಕ್ಷರ ಹೆಚ್ಚು ಕಡಮೆಯಾದುದರಿಂದ ಹೆಜ್ಜೆಯೇ ಬದಲಾಯಿತು. ರಾಗ ಸಂಯೋಜಕರು ಪದ್ಯದ ಈ ನಡೆಯನ್ನು ಅನುಸರಿಸಿದ್ದಾರೆಯೋ ಅಥವಾ ಬೇಕೆಂದೇ ಮುರಿದಿದ್ದಾರೆಯೋ ಎಂಬುದನ್ನು ಕಂಡುಕೊಂಡರೆ ಹಾಡಿನ ಅರ್ಧಭಾಗವನ್ನು ಕಲಿತಂತೆಯೇ ಸರಿ.

ಪದ್ಯ ಬೇರೆ, ಧಾಟಿ ಬೇರೆ ಎಂಬುದಕ್ಕೆ ನೀವೆಲ್ಲರೂ ಬಲ್ಲ ಉದಾಹರಣೆ ನಮ್ಮ ನಾಡಗೀತೆ. ಕುವೆಂಪು ಅವರ ಆ ಕವನವನ್ನು ಕರ್ನಾಟಕ ಸರಕಾರವು ೨೦೦೪ರಲ್ಲಿ ನಾಡಗೀತೆಯೆಂದು ಅಂಗೀಕರಿಸಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಂತೆ ಸಿ. ಅಶ್ವತ್ಥ್ ಅವರ ಧಾಟಿಯೂ ಪ್ರಚಾರದಲ್ಲಿದ್ದುದರಿಂದ ಯಾವುದನ್ನು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ೨೦೨೨ರಲ್ಲಿ, ಅನಂತಸ್ವಾಮಿಯವರ ಧಾಟಿಯಲ್ಲಿ ೨ ನಿಮಿಷ ೩೦ ಸೆಕೆಂಡುಗಳಲ್ಲಿ ಹಾಡಬೇಕೆಂದು ಸರಕಾರವು ಗೊತ್ತುಮಾಡಿತು. ನಾಡಗೀತೆಗೆ ಇಂತಹ ಕಟ್ಟಳೆ ಅಗತ್ಯ. ಸಾವಿರಾರು ಮಂದಿ ಒಂದೇ ಕಾಲಕ್ಕೆ ಹಾಡಬೇಕಾದುದು ಅದು. ಆದರೆ ಉಳಿದ ಗೀತೆಗಳಿಗೆ ಅಂತಹ ಕಟ್ಟಳೆ ಇಲ್ಲ. ೧೯೭೮ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಅನಂತಸ್ವಾಮಿಯವರು ರಾಗ ಕೂಡಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಂದಿನಿಂದ ಭಾವಗೀತೆಗಳು ಮನೆಮನೆಗೆ ಬಂದವು. ಅದಕ್ಕೂ ಹಿಂದೆ ಪಿ. ಕಾಳಿಂಗರಾಯರು ಸಭೆಯಿಂದ ಸಭೆಗೆ ಕವಿಗಳ ಪದ್ಯಗಳನ್ನು ಹೊತ್ತು ತಿರುಗಿದರು, ಜೊತೆಯಲ್ಲಿ ಮೋಹನಕುಮಾರಿ ಸೋಹನಕುಮಾರಿಯರು ದನಿಗೂಡಿಸುತ್ತಿದ್ದರು. ಇವರೆಲ್ಲ ಪದ್ಯವನ್ನು ತಮಗೆ ಕಂಡಂತೆ ಹಾಡಿದರು. ಅವರ ಧಾಟಿಯನ್ನು ನಾವು ಗೌರವದಿಂದ ಇರಿಸಿಕೊಳ್ಳಬೇಕು, ಹಾಡುವ ಮುನ್ನ ಕವಿಯ ಹೆಸರನ್ನೂ ಸಂಯೋಜಕರ ಹೆಸರನ್ನೂ ಹೇಳಬೇಕು; ಆದರೆ ಅವರ ಕೆಮ್ಮನ್ನೂ ಬಿಕ್ಕನ್ನೂ ಅನುಕರಿಸಬೇಕಾಗಿಲ್ಲ.

ಈಗ ಹೇಳುವುದು ಊರಿನಲ್ಲಿರುವ ಮಕ್ಕಳಿಗಿಂತ ಮುಂಬಯಿಯ ಕನ್ನಡ ಮಕ್ಕಳಿಗೆ ಹೆಚ್ಚು ಬೇಕಾದ ಮಾತು. ನೀವು ಬೆಳಗಿನಿಂದ ಸಂಜೆಯವರೆಗೆ ಹಿಂದಿಯನ್ನೂ ಮರಾಠಿಯನ್ನೂ ಕೇಳುತ್ತೀರಿ. ಆ ಭಾಷೆಗಳ ಲಿಪಿಯಲ್ಲಿ ನಮ್ಮ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆಬೇರೆ ಅಕ್ಷರಗಳಿಲ್ಲ. ಹಿಂದಿಯಲ್ಲಿ ಳಕಾರವೂ ಇಲ್ಲ. ಆದುದರಿಂದ ನಮ್ಮ ಮಕ್ಕಳ ಬಾಯಲ್ಲಿ ‘ಕೊಡು’ ಎಂಬುದು ‘ಕೋಡು’ ಆಗುವುದು, ‘ಮಳೆ’ ಎಂಬುದು ‘ಮಲೆ’ ಆಗುವುದು ಸಹಜ. ಮಾತಿನಲ್ಲಿ ಇದು ತೇಲಿಹೋಗುತ್ತದೆ, ಹಾಡಿನಲ್ಲಿ ಹೋಗದು. ಹಾಡು ಅಕ್ಷರವನ್ನು ಎಳೆದು ಎಲ್ಲರ ಮುಂದಿಡುತ್ತದೆ. ‘ಕೆರೆ’ಯ ಮೊದಲಕ್ಷರವನ್ನು ಎಳೆದರೆ ‘ಕೇರೆ’ಯಾಗಿ, ನೀರಿರಬೇಕಾದಲ್ಲಿ ಹಾವು ಬಂದು ಮಲಗುತ್ತದೆ! ಧಾಟಿಯು ಎಳೆಯಲು ಹೇಳಿದಲ್ಲಿ ಏನು ಮಾಡಬೇಕು? ಮೊದಲಕ್ಷರವನ್ನು ಹ್ರಸ್ವವಾಗಿಯೇ ಮುಟ್ಟಿ, ಎಳೆತವನ್ನು ಎರಡನೆಯ ಅಕ್ಷರದ ಮೇಲೆ ಇಳಿಸಿರಿ. ತಾಳ ಕೆಡದು, ಶಬ್ದವೂ ಉಳಿಯುವುದು. ‘ಹಾಡು’ ಎಂಬುದನ್ನು ‘ಆಡು’ ಮಾಡುವ ತಪ್ಪಿಗೆ ಮಾತ್ರ ನೆರೆಯ ಭಾಷೆಗಳನ್ನು ದೂರುವಂತಿಲ್ಲ, ಅದು ನಮ್ಮದೇ. ಇಬ್ಬರು ಹಾಡುವುದರಲ್ಲಿ ಇಲ್ಲೊಂದು ಲಾಭವಿದೆ. ಒಬ್ಬರು ಹಾಡುವಾಗ ಇನ್ನೊಬ್ಬರು ಪುಸ್ತಕವನ್ನು ಹಿಡಿದು ಕುಳಿತು, ಪ್ರತಿಯೊಂದು ಶಬ್ದವೂ ಬರೆದಂತೆ ಕೇಳಿಸಿತೇ ಎಂದು ಗುರುತುಹಾಕಬೇಕು. ಗೆಳೆತನದ ದಾಕ್ಷಿಣ್ಯ ಇಲ್ಲಿ ಸಲ್ಲದು.

ವಾದ್ಯದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಾರ್ಮೋನಿಯಮ್ ಸ್ವರದಿಂದ ಸ್ವರಕ್ಕೆ ಜಾರಲಾರದು, ಗಮಕವನ್ನು ನುಡಿಸಲಾರದು. ಈ ಕೊರತೆಯ ಕಾರಣದಿಂದಲೂ ೧೯೪೦ರಿಂದ ೧೯೭೧ರವರೆಗೆ ಆಕಾಶವಾಣಿಯಲ್ಲಿ ಅದಕ್ಕೆ ಬಹಿಷ್ಕಾರವಿತ್ತು. ಆದರೂ ಕಲಿಯುವವರಿಗೆ ಅದರಂತಹ ಗೆಳೆಯನಿಲ್ಲ, ಶ್ರುತಿ ತಪ್ಪಿದೊಡನೆ ತೋರಿಸಿಕೊಡುತ್ತದೆ. ಗಿಟಾರು ಬಲ್ಲ ಮಕ್ಕಳು ಈಚೆಗೆ ಹೆಚ್ಚಾಗಿದ್ದಾರೆ, ಸಂತೋಷ. ಅದರ ಕುತ್ತಿಗೆಗೆ ಕೇಪೋ ಎಂಬ ಹಿಡಿಕೆಯನ್ನು ಸಿಕ್ಕಿಸಿ ಒಂದೊಂದು ಮೆಟ್ಟಿಲು ಸರಿಸಿದಂತೆ ಶ್ರುತಿಯು ಒಂದೊಂದು ಮನೆಯಷ್ಟು ಏರುವುದರಿಂದ ಹಾಡುವವರ ಕಂಠಕ್ಕೆ ಹೊಂದಿಸುವುದು ಸುಲಭ. ಆದರೆ ನಮ್ಮ ಧಾಟಿಗಳು ರಾಗದ ಜಾಡಿನಲ್ಲಿ ಹುಟ್ಟಿದವು. ಹಲವು ಸ್ವರಗಳನ್ನು ಒಟ್ಟಿಗೆ ಮೀಟುವ ಕಾರ್ಡುಗಳನ್ನು ಸಾಲಿಗೊಂದರಂತೆ ಬದಲಿಸುತ್ತ ಹೋದರೆ ರಾಗದಲ್ಲಿಲ್ಲದ ಸ್ವರಗಳು ನುಗ್ಗಿಬಿಡುತ್ತವೆ. ಷಡ್ಜ ಪಂಚಮಗಳನ್ನಷ್ಟೇ ತಂಬೂರಿಯಂತೆ ಮೃದುವಾಗಿ ಮೀಟುತ್ತಿದ್ದರೂ ಹಾಡು ತುಂಬಿಕೊಂಡು ಬರುತ್ತದೆ.

ಒಂದು ವರ್ಷಕ್ಕೆ ಮೂರು ಹಾಡುಗಳು ಸಾಕು. ವಾರಕ್ಕೆ ಒಂದು ನುಡಿಗಿಂತ ಹೆಚ್ಚು ಕಲಿಯಬೇಡಿರಿ. ಮೊದಲು ಮಾತಿನಂತೆ ಓದಿ, ಬಳಿಕ ಕೈತಾಳದೊಡನೆ ಓದಿ, ಅನಂತರವೇ ಧಾಟಿಯನ್ನು ಕೂಡಿಸಿರಿ. ಧ್ವನಿಮುದ್ರಿಕೆಯೊಡನೆ ಸೇರಿ ಹಾಡುವ ಅಭ್ಯಾಸ ಅಪಾಯಕರ. ಅಲ್ಲಿ ಹಾಡುತ್ತಿರುವವರು ಗಾಯಕರು. ನಾವು ಹಾಡುತ್ತಿದ್ದೇವೆಂಬುದು ನಮ್ಮ ಭ್ರಮೆ. ಯಂತ್ರವನ್ನು ನಿಲ್ಲಿಸಿದೊಡನೆ ಆ ಭ್ರಮೆ ತಿಳಿದುಬರುತ್ತದೆ.

ಈ ವರ್ಷ ಒಂಬತ್ತನೆಯ ಇಯತ್ತೆಯ ಇಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸಕ್ಕೆ ಬರುತ್ತಿದ್ದಾರೆ. ಅವರು ಮೊದಲು ತಂದ ಹಾಡನ್ನು ಅಳೆದು ನೋಡಿದಾಗ ೨೦ ಮನೆಗಳಾದವು. ಹುಡುಗನ ಮುಖ ಬಾಡಿತು. ಎರಡನೆಯ ಸಲ ತಾವೇ ಅಳೆದು ತಂದರು. ೧೩ ಮನೆಗಳು, ೭ ಮಾತ್ರೆಯ ನಡೆ, ತಾಯಿ ಮಗುವಿನ ಮಾತು. ಹುಡುಗಿಯು ಪದ್ಯದಲ್ಲಿ ಬರುವ ಒಂದು ಹಳೆಯ ಶಬ್ದದ ಅರ್ಥವನ್ನು ತಿಳಿಯಲು ಬೇಸಗೆಯ ರಜೆಯಲ್ಲಿ ಊರಿನ ಅಜ್ಜಿಯನ್ನು ಕೇಳಿ ಬರೆದುಕೊಂಡು ಬಂದಿದ್ದಾಳೆ. ಎರಡು ನುಡಿಗಳು ಕೈಸೇರಿವೆ, ಮೂರನೆಯದು ಬಾಕಿ ಇದೆ. ನಮ್ಮ ಹಾರ್ಮೋನಿಯಮ್ಮಿನಲ್ಲಿ ಮಂದ್ರದ ಒಂದು ಕರಿಯ ಮನೆ ನುಡಿಯದಾಗಿದೆ. ಅದೃಷ್ಟವಶಾತ್ ಅವರ ಹಾಡಿನಲ್ಲಿ ಆ ಸ್ವರ ಬರುವುದಿಲ್ಲ.