ರೂಪಾಂತರಿತ: ಅರ್ಥ ಮತ್ತು ಪ್ರಯೋಗ

ಪದರಚನೆ
‘ರೂಪಾಂತರ’ ಎಂದರೆ ಬೇರೊಂದು ರೂಪ. ಈ ನಾಮಪದಕ್ಕೆ ‘ಇತ’ ಪ್ರತ್ಯಯ ಸೇರಿ, ಪುಷ್ಪಿತ, ಪಲ್ಲವಿತ ಎಂಬವುಗಳಂತೆ, ‘ರೂಪಾಂತರಿತ’ ಎಂಬ ಗುಣವಾಚಕವಾಗುತ್ತದೆ. ವಿಶೇಷ್ಯದ ವಚನಕ್ಕೆ ತಕ್ಕಂತೆ ಇದು ಬದಲಾಗುವುದಿಲ್ಲ: ರೂಪಾಂತರಿತ ಶಿಲೆ, ರೂಪಾಂತರಿತ ಶಿಲೆಗಳು. ವಾಕ್ಯದ ಕೊನೆಯಲ್ಲಿ ‘ಈ ಶಿಲೆ ರೂಪಾಂತರಿತವಾದುದು’ ಎಂದಾಗುತ್ತದೆ.

ಪಾರಿಭಾಷಿಕ ಅರ್ಥ
ಭೂವಿಜ್ಞಾನದಲ್ಲಿ ಈ ಪದದ ವ್ಯಾಪ್ತಿ ಕಿರಿದು. ಭೂಮಿಯ ಆಳದ ಶಾಖಕ್ಕೂ ಒತ್ತಡಕ್ಕೂ ಸಿಲುಕಿ, ಪೂರ್ತಿ ಕರಗದೆ ಘನಸ್ಥಿತಿಯಲ್ಲಿಯೇ ಖನಿಜಗಳು ಅಥವಾ ಅವುಗಳ ಜೋಡಣೆ ಬದಲಾದ ಶಿಲೆಗೆ ಮಾತ್ರ ಇದು ಸಲ್ಲುತ್ತದೆ. ಸುಣ್ಣಕಲ್ಲು ಅಮೃತಶಿಲೆಯಾಗುವುದು ಹೀಗೆ. ಕರಗಿದ ದ್ರವ ಆರಿ ಗಟ್ಟಿಯಾದರೆ ಅದು ಅಗ್ನಿಶಿಲೆ. ಬಿಸಿಲು ಮಳೆಗಳಿಂದ ಸಡಿಲಗೊಂಡುದು ಶಿಥಿಲ ಶಿಲೆ. ಹಸಿ ಇಟ್ಟಿಗೆ ಗೂಡಿನಲ್ಲಿ ಬೆಂದು, ಆಕಾರ ಕೆಡದೆ ಗುಣ ಬದಲಿಸುವುದನ್ನು ಹೋಲಿಕೆಯಾಗಿ ಹೇಳಬಹುದು.

ಸ್ಥಳೀಯ ನಿದರ್ಶನ
ಕೃಷ್ಣಗಿರಿ ಜಿಲ್ಲೆಯ ಕಲ್ಲು ಕ್ವಾರಿಗಳಿಂದ ಬರುವ ಕಲ್ಲಿಗೆ ವ್ಯಾಪಾರದಲ್ಲಿ ಒಟ್ಟಾರೆ ‘ಗ್ರಾನೈಟ್’ ಎಂಬ ಹೆಸರಿದೆ. ನೈಜ ಗ್ರಾನೈಟ್ ಅಗ್ನಿಶಿಲೆ. ಆದರೆ ಆ ಹೆಸರಿನಡಿ ಮಾರಾಟವಾಗುವ ಕಲ್ಲುಗಳಲ್ಲಿ ರೂಪಾಂತರಿತ ಶಿಲೆಯಾದ ನೈಸ್ ಕೂಡ ಸೇರಿದೆ. ತಿಳಿಬಣ್ಣದ ಮತ್ತು ಕಪ್ಪು ಖನಿಜಗಳು ಪಟ್ಟೆಪಟ್ಟೆಯಾಗಿ ನಿಂತಿರುವುದು ನೈಸ್‌ನ ಗುರುತು. ಹೊಸೂರಿಗೆ ಸಮೀಪದ ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ನೈಸ್. ಸುಮಾರು 300 ಕೋಟಿ ವರ್ಷ ಹಳೆಯದಾದ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕ್ವಾರಿ ಕೆಲಸಗಾರರ ಮನೆಯ ಮಗು ‘ನಮ್ಮ ಊರಿನ ಕಲ್ಲೆಲ್ಲ ಗ್ರಾನೈಟ್’ ಎಂದರೆ, ಅದನ್ನು ತಪ್ಪೆಂದು ತಳ್ಳಿಹಾಕಬಾರದು. ಅದು ವ್ಯಾಪಾರದ ಮಾತು, ಇದು ಶಾಸ್ತ್ರದ ಮಾತು ಎಂದು ವಿಂಗಡಿಸಿ ತೋರಿಸಬೇಕು. ಇಲ್ಲವಾದರೆ ಮಗು ಮನೆಯ ಮಾತನ್ನಾದರೂ ಕೈಬಿಡುತ್ತದೆ, ಪಾಠವನ್ನಾದರೂ ನಂಬದೆ ಹೋಗುತ್ತದೆ.

ಭಾಷಾ ಸಂಬಂಧ
ತಮಿಳಿನಲ್ಲಿ ಇದನ್ನು ‘ಉರುಮಾರಿಯ ಪಾರೈ’ ಎನ್ನುತ್ತಾರೆ. ಅಲ್ಲಿನ ‘ಮಾರು’ ಕನ್ನಡದ ‘ಮಾರ್ಪಡು’, ‘ಮಾರ್ಪಾಡು’ ಪದಗಳಲ್ಲಿಯೂ ಇದೆ. ಎರಡೂ ಭಾಷೆ ಕಲಿಯುವ ಮಗುವಿಗೆ ‘ಮಾರ್ಪಟ್ಟ ಕಲ್ಲು’ ಎಂದು ಮೊದಲು ವಿವರಿಸಿ, ಅನಂತರ ‘ರೂಪಾಂತರಿತ ಶಿಲೆ’ ಎಂಬ ಪಾರಿಭಾಷಿಕ ಪದವನ್ನು ಕೊಟ್ಟರೆ ಅರ್ಥ ನಿಲ್ಲುತ್ತದೆ.

ಅಭ್ಯಾಸ
ಅಗ್ನಿ, ರೂಪಾಂತರಿತ, ಶಿಥಿಲ – ಇವುಗಳಲ್ಲಿ ಸೂಕ್ತವಾದುದನ್ನು ಆರಿಸಿ ಬಿಟ್ಟ ಸ್ಥಳ ತುಂಬಿರಿ.
1. ಅಮೃತಶಿಲೆ ಒಂದು ______ ಶಿಲೆ.
2. ಲಾವಾ ಆರಿ ______ಶಿಲೆಯಾಗುತ್ತದೆ.
3. ಕೈಯಿಂದ ಒತ್ತಿದರೆ ಪುಡಿಯಾಗುವ ಈ ಬಂಡೆ ______ವಾಗಿದೆ.