ಸ್ವಭಾವವೂ ಆಯುಷ್ಯವೂ

ಪರ್ವದ ದಿನ ಜಿನಮಂದಿರದಿಂದ ಹೊರಬಂದ ಕಿರಿಯರು ಹಿರಿಯರ ಪಾದಕ್ಕೆರಗಿದಾಗ, ಮನೆಮಾತು ಕನ್ನಡವಿರಲಿ, ಮರಾಠಿ ಅಥವಾ ಗುಜರಾತಿಯೇ ಇರಲಿ, ದೊರೆಯುವ ಆಶೀರ್ವಾದ ಮಾತ್ರ ಒಂದೇ: ಆಯುರಾರೋಗ್ಯ ಲಭಿಸಲಿ. ಆಯುಷ್ಯದ ಅಳತೆಯು ಆಯುಕರ್ಮಕ್ಕೆ ಸೇರಿದ್ದೆಂದು ಶಾಸ್ತ್ರಗಳು ವಿವರಿಸುತ್ತವೆ. ಅದು ವಿದ್ವಾಂಸರ ವಿಷಯ. ಮನುಷ್ಯನ ಸ್ವಭಾವಕ್ಕೂ ಅವನ ದೇಹಾರೋಗ್ಯಕ್ಕೂ ಸಂಬಂಧವಿದೆಯೇ, ಇದ್ದರೆ ಯಾವ ಗುಣಕ್ಕೆ ಎಷ್ಟು ಸಂಬಂಧ ಎಂಬುದನ್ನು ಊಹೆಯಿಂದಲ್ಲದೆ, ಕಡತ ಇಟ್ಟು ಲೆಕ್ಕ ಹಾಕಿ ನೋಡಿದ ಕೆಲವು ಪ್ರಯತ್ನಗಳ ಪರಿಚಯವಷ್ಟೇ ಈ ಲೇಖನದ ಉದ್ದೇಶ.

ನಗುನಗುತ್ತಾ ಇರುವವನು ನೂರು ವರ್ಷ ಬಾಳುತ್ತಾನೆ, ಚಿಂತೆ ಮಾಡುವವನು ಬೇಗ ಸವೆಯುತ್ತಾನೆ ಎಂಬ ನಂಬಿಕೆ ಎಲ್ಲ ಊರುಗಳಲ್ಲೂ ಇದೆ. ಕಡತ ತೆರೆದಾಗ ಕಂಡದ್ದು ಸ್ವಲ್ಪ ಬೇರೆ.

1921ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಲೂಯಿಸ್ ಟರ್ಮನ್ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಶಾಲೆಗಳಿಂದ ಬುದ್ಧಿವಂತರೆಂದು ಪರೀಕ್ಷೆಯ ಮೂಲಕ ಆರಿಸಿದ ಸುಮಾರು 1,500 ಬಾಲಕ ಬಾಲಕಿಯರ ವಿವರಗಳನ್ನು ಬರೆದಿಡಲು ತೊಡಗಿದರು. ಹೆಚ್ಚಿನ ಮಕ್ಕಳು 1910ರ ಆಸುಪಾಸಿನಲ್ಲಿ ಹುಟ್ಟಿದವರು. ಪ್ರತಿ ಮಗುವಿನ ಗುಣಸ್ವಭಾವಗಳಿಗೆ ತಂದೆತಾಯಿಯರೂ ಶಿಕ್ಷಕರೂ ಅಂಕ ಕೊಟ್ಟರು. ಮಕ್ಕಳು ಬೆಳೆದರು, ಮದುವೆಯಾದರು, ಉದ್ಯೋಗ ಹಿಡಿದರು, ಮುದುಕರಾದರು. ಪ್ರಶ್ನಾವಳಿಗಳು ಅವರ ಬೆನ್ನುಬಿಡದೆ ಹೋಗುತ್ತಲೇ ಇದ್ದವು. 1956ರಲ್ಲಿ ಟರ್ಮನ್ ತೀರಿಕೊಂಡ ಮೇಲೂ ಕಡತ ಮುಚ್ಚಲಿಲ್ಲ. ಬುದ್ಧಿವಂತ ಮಕ್ಕಳು ಮುಂದೆ ಏನಾಗುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತೇ ಹೊರತು ಯಾರು ಎಷ್ಟು ವರ್ಷ ಬದುಕುತ್ತಾರೆ ಎಂಬುದಲ್ಲ. ಒಬ್ಬರು ಒಂದು ಕಾರಣಕ್ಕೆ ಶಿಸ್ತಾಗಿ ಬರೆದಿಟ್ಟ ದಫ್ತರವು ಎಪ್ಪತ್ತು ವರ್ಷಗಳ ಅನಂತರ ಇನ್ನೊಬ್ಬರಿಗೆ ಬೇರೊಂದೇ ಕಾರಣಕ್ಕೆ ಉಪಯೋಗಕ್ಕೆ ಬಂದದ್ದು ಲೆಕ್ಕ ಬರೆಯುವವರೆಲ್ಲ ಮೆಚ್ಚಬೇಕಾದ ಸಂಗತಿ.

ಆ ಇನ್ನೊಬ್ಬರು ಹೋವರ್ಡ್ ಫ್ರೀಡ್‌ಮನ್ ಎಂಬ ಪ್ರಾಧ್ಯಾಪಕರು. ಅವರೂ ಅವರ ಸಹೋದ್ಯೋಗಿಗಳೂ ಆ ‘ಮಕ್ಕಳ’ ಮರಣ ದಾಖಲೆಗಳನ್ನು ಕಲೆಹಾಕಿ, ಬಾಲ್ಯದ ಅಂಕಗಳೊಡನೆ ಹೊಂದಿಸಿ ನೋಡಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹೊಣೆಯರಿತವರು, ಎಚ್ಚರವುಳ್ಳವರು ಎನಿಸಿದ್ದ ಮಕ್ಕಳೇ ಸರಾಸರಿಯಲ್ಲಿ ಹೆಚ್ಚು ಕಾಲ ಬದುಕಿದ್ದರು. ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು ಮುಂತಾದವುಗಳಿಂದ ಆಯುಷ್ಯದಲ್ಲಿ ಆಗುವ ವ್ಯತ್ಯಾಸಕ್ಕೆ ಹೋಲಿಸಬಹುದಾದಷ್ಟು ದೊಡ್ಡ ವ್ಯತ್ಯಾಸ ಅದಾಗಿತ್ತು. ಉಲ್ಲಾಸ ಮತ್ತು ಹಾಸ್ಯಪ್ರವೃತ್ತಿಯಲ್ಲಿ ಹೆಚ್ಚಿನ ಅಂಕ ಪಡೆದಿದ್ದ ಮಕ್ಕಳು ಮಾತ್ರ ಸರಾಸರಿಯಲ್ಲಿ ಮೊದಲೇ ತೀರಿಕೊಂಡಿದ್ದರು. ಸಂಶೋಧಕರಿಗೇ ಇದು ಅನಿರೀಕ್ಷಿತ.

ಹೊಣೆಗಾರಿಕೆ ಎಂದು ಅವರು ಒಟ್ಟುಗೂಡಿಸಿದ್ದರಲ್ಲಿ ಏನೇನಿತ್ತು ಎಂಬುದು ಶ್ರಾವಕರಿಗೆ ಕುತೂಹಲಕರ. ಮುಂದಾಲೋಚನೆ, ಕರ್ತವ್ಯನಿಷ್ಠೆ, ಗರ್ವವಿಲ್ಲದಿರುವುದು, ಸತ್ಯವಂತಿಕೆ ಎಂಬ ನಾಲ್ಕು ಗುಣಗಳು ಅದರಲ್ಲಿದ್ದವು. ದಶಲಕ್ಷಣ ಪರ್ವದಲ್ಲಿ ವರ್ಷವರ್ಷವೂ ಮಾರ್ದವ, ಸತ್ಯ, ಸಂಯಮಗಳ ಬಗ್ಗೆ ಪ್ರವಚನ ಕೇಳಿದವರಿಗೆ ಈ ಪಟ್ಟಿ ಅಪರಿಚಿತವೆನಿಸದು. ಕರ್ಮಬಂಧದ ಐದು ಕಾರಣಗಳಲ್ಲಿ ಪ್ರಮಾದವನ್ನೂ, ಅಂದರೆ ಎಚ್ಚರಗೇಡಿತನವನ್ನೂ, ತತ್ತ್ವಾರ್ಥಸೂತ್ರವು ಎಣಿಸಿದೆ. ಹಾಗೆಂದು ಅಮೆರಿಕದ ಲೆಕ್ಕದಿಂದ ಆಗಮ ಸಿದ್ಧವಾಯಿತೆಂದು ಹೇಳುವುದು ಎರಡಕ್ಕೂ ನ್ಯಾಯವಲ್ಲ. ಸಂಯಮವನ್ನು ಶಾಸ್ತ್ರ ಹೇಳಿದ್ದು ಎಂಬತ್ತು ವರ್ಷ ಬದುಕಲೆಂದಲ್ಲ.

ಎಚ್ಚರವುಳ್ಳವರು ಏಕೆ ಹೆಚ್ಚು ಬಾಳುತ್ತಾರೆ? ಒಂದು ಕಾರಣ ತೀರ ಸರಳ. ಅವರು ಬೀಡಿ ಸಿಗರೇಟು ಮದ್ಯಗಳ ಗೊಡವೆಗೆ ಹೋಗುವುದು ಕಡಿಮೆ. ವಾಹನವನ್ನು ನೋಡಿಕೊಂಡು ನಡೆಸುತ್ತಾರೆ. ವೈದ್ಯರು ಹೇಳಿದ್ದನ್ನು ಮಾಡುತ್ತಾರೆ. ಇದಲ್ಲದೆ ಅವರ ಉದ್ಯೋಗ, ದಾಂಪತ್ಯ, ಸ್ನೇಹಗಳೂ ಸಾಮಾನ್ಯವಾಗಿ ಸ್ಥಿರವಾಗಿರುತ್ತವೆ. ರೋಜುಕೀರ್ದಿಯನ್ನು ಅಂದಂದೇ ಬರೆದು ಮುಗಿಸುವ ಅಂಗಡಿಯವನಿಗೆ ವರ್ಷದ ಕೊನೆಯಲ್ಲಿ ರಾತ್ರಿ ನಿದ್ರೆಗೆಡುವ ಪ್ರಸಂಗ ಬರುವುದಿಲ್ಲ. ದೇಹದ ವಿಷಯವೂ ಬಹುಮಟ್ಟಿಗೆ ಹೀಗೆಯೇ. ರಕ್ತದೊತ್ತಡ ಹೆಚ್ಚಾಗಿದ್ದರೂ ನೋವಿರುವುದಿಲ್ಲ. ನೋವಿಲ್ಲದ ಕಾಯಿಲೆಗೆ ದಿನವೂ ಗುಳಿಗೆ ನುಂಗಲು ಬೇಕಾದದ್ದು ಧೈರ್ಯವೂ ಅಲ್ಲ, ಬುದ್ಧಿಯೂ ಅಲ್ಲ, ಈ ಒಂದು ಗುಣ.

ಇಲ್ಲಿ ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ಒಂದು ವಿಷಯವಿದೆ. ರಾತ್ರಿಭೋಜನ ತ್ಯಾಗದ ನಿಯಮ ಪಾಲಿಸುವ ಎಷ್ಟೋ ಹಿರಿಯರು ರಾತ್ರಿಯ ಗುಳಿಗೆಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ, ವೈದ್ಯರಿಗೆ ತಿಳಿಸುವುದಿಲ್ಲ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವ ಕೆಲವರು ಅಷ್ಟಮಿ ಚತುರ್ದಶಿಗಳಂದು ಉಪವಾಸವಿದ್ದು ಅಭ್ಯಾಸಬಲದಿಂದ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಮಾತ್ರ ತೆಗೆದುಕೊಳ್ಳುವುದೂ ಉಂಟು. ಆಹಾರವಿಲ್ಲದೆ ಔಷಧಿ ಮಾತ್ರ ಹೋದಾಗ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಸೂರ್ಯಾಸ್ತಕ್ಕೆ ಮೊದಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ದಿನಕ್ಕೊಮ್ಮೆ ಸಾಕಾಗುವ ಗುಳಿಗೆಗಳಿವೆ. ವ್ರತದ ವಿಚಾರವನ್ನು ಬಿಚ್ಚಿ ಹೇಳಿದರೆ ವೈದ್ಯರು ಹೊಂದಿಸಿ ಬರೆದುಕೊಡುತ್ತಾರೆ, ಬೇಡವೆನ್ನಬೇಕಾದಲ್ಲಿ ಬೇಡವೆನ್ನುತ್ತಾರೆ. ನಿಯಮ ಹಿಡಿಯುವ ಮೊದಲು ಅವರನ್ನು ಕೇಳುವುದು ಶ್ರದ್ಧೆಯ ಕೊರತೆಯಲ್ಲ.

ಹಾಗಾದರೆ ನಗುವುದು ಕೆಟ್ಟದ್ದೇ? ಅಲ್ಲ. ಉಲ್ಲಾಸದ ಮಕ್ಕಳು ದೊಡ್ಡವರಾದಾಗ ಧೂಮಪಾನ, ಮದ್ಯಪಾನ, ಸಾಹಸದ ಹವ್ಯಾಸಗಳತ್ತ ಸ್ವಲ್ಪ ಹೆಚ್ಚಾಗಿ ವಾಲಿದ್ದರು. ‘ನನಗೇನೂ ಆಗುವುದಿಲ್ಲ’ ಎಂಬ ಭಾವ ಅವರನ್ನು ಎಚ್ಚರ ತಪ್ಪಿಸಿರಬೇಕು. ಇದಕ್ಕೆ ಎದುರಾದ ಇನ್ನೊಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅಮೆರಿಕದ 180 ಮಂದಿ ಕ್ಯಾಥೊಲಿಕ್ ಸನ್ಯಾಸಿನಿಯರು ಸುಮಾರು ಇಪ್ಪತ್ತೆರಡರ ವಯಸ್ಸಿನಲ್ಲಿ ತಮ್ಮ ಕೈಯಿಂದ ಬರೆದಿದ್ದ ಚಿಕ್ಕ ಆತ್ಮಕಥೆಗಳನ್ನು ವಿದ್ವಾಂಸರು ಓದಿ, ಅದರಲ್ಲಿ ಸಂತೋಷ, ಕೃತಜ್ಞತೆ, ಭರವಸೆಗಳ ಮಾತು ಎಷ್ಟಿದೆಯೆಂದು ಎಣಿಸಿದರು. ಅಂಥ ಮಾತು ಹೆಚ್ಚಾಗಿದ್ದವರು ಆರು ದಶಕಗಳ ಮೇಲೆ ಹೆಚ್ಚಿನ ಸಂಖ್ಯೆಯಲ್ಲಿ ಬದುಕಿದ್ದರು. ಆ ತಾಯಂದಿರ ವಸತಿ, ದಿನಚರಿ ಬಹುಮಟ್ಟಿಗೆ ಒಂದೇ, ದುಶ್ಚಟಗಳಿಲ್ಲ. ಎರಡು ಅಧ್ಯಯನಗಳನ್ನೂ ಸೇರಿಸಿ ಓದಿದರೆ, ನಿಯಮದ ಬೇಲಿಯೊಳಗಿನ ಸಂತೋಷ ಆರೋಗ್ಯಕ್ಕೆ ಒಳ್ಳೆಯದು, ಬೇಲಿಯಿಲ್ಲದ ಸಂತೋಷದ ಬಗ್ಗೆ ಹಾಗೆ ಹೇಳಲಾಗದು ಎಂದು ತೋರುತ್ತದೆ.

ಕೋಪದ ವಿಷಯ. ಸ್ಯಾನ್ ಫ್ರಾನ್ಸಿಸ್ಕೋದ ಹೃದಯವೈದ್ಯ ಮೇಯರ್ ಫ್ರೀಡ್‌ಮನ್ (ಹಿಂದೆ ಹೇಳಿದ ಫ್ರೀಡ್‌ಮನ್ ಬೇರೆ, ಇವರು ಬೇರೆ) ಅವರ ಚಿಕಿತ್ಸಾಲಯದ ಕುರ್ಚಿಗಳು ಮುಂಭಾಗದ ಅಂಚಿನಲ್ಲೇ ಸವೆದಿದ್ದವಂತೆ. ಕುಳಿತವರಿಗೆ ಒರಗಿ ಕೂರುವಷ್ಟು ತಾಳ್ಮೆಯಿರಲಿಲ್ಲ! ಅವರೂ ರೇ ರೋಸೆನ್‌ಮನ್ ಅವರೂ ಇಂಥ ಆತುರದ, ಪೈಪೋಟಿಯ, ಸಿಡುಕಿನ ಸ್ವಭಾವಕ್ಕೆ ‘ಎ ಮಾದರಿ’ ಎಂದು ಹೆಸರಿಟ್ಟು, 1960ರ ಸುಮಾರಿಗೆ ಮೂರು ಸಾವಿರಕ್ಕೂ ಹೆಚ್ಚು ಪುರುಷರನ್ನು ಎಂಟೂವರೆ ವರ್ಷ ಅನುಸರಿಸಿ ನೋಡಿದರು; ಆ ಸ್ವಭಾವದವರಲ್ಲಿ ಹೃದ್ರೋಗ ಸುಮಾರು ಇಮ್ಮಡಿಯಾಗಿ ಕಂಡಿತು. ಆದರೆ ಅನಂತರದ ಅಧ್ಯಯನಗಳು ಇದನ್ನು ಪೂರ್ತಿಯಾಗಿ ಸಮರ್ಥಿಸಲಿಲ್ಲ. ಆತುರ, ಹೆಚ್ಚು ದುಡಿಮೆಗಳನ್ನು ದೂಷಿಸುವಂತಿಲ್ಲವೆಂದೂ, ಸದಾ ಇತರರನ್ನು ಶಂಕಿಸುತ್ತ ಒಳಗೊಳಗೇ ಕುದಿಯುವ ವೈರಭಾವವೇ ಹೆಚ್ಚು ಹಾನಿಕರವೆಂದೂ ವಿದ್ವಾಂಸರು ಈಗ ಅಭಿಪ್ರಾಯಪಡುತ್ತಾರೆ. ಹಗಲಿಡೀ ದುಡಿಯುವ ವ್ಯಾಪಾರಿಗೆ ಇದು ಸಮಾಧಾನದ ಸುದ್ದಿ. ಹತ್ತು ವರ್ಷದ ಹಿಂದಿನ ಪಾಲಿನ ಜಗಳವನ್ನು ಮರೆಯದವನಿಗೆ ಅಲ್ಲ.

ಹುಟ್ಟುಗುಣ ಬದಲಾಗದು ಎನ್ನುವವರಿಗೂ ಕಡತದಲ್ಲಿ ಉತ್ತರವಿದೆ. ಟರ್ಮನ್ನರ ಮಕ್ಕಳು ವಯಸ್ಕರಾದ ಮೇಲಿನ ಅಂಕಗಳನ್ನು ಪರಿಶೀಲಿಸಿದಾಗ, ಬಾಲ್ಯದ ಎಚ್ಚರಕ್ಕೂ ದೊಡ್ಡವರಾದ ಮೇಲಿನ ಎಚ್ಚರಕ್ಕೂ ಬೇರೆಬೇರೆಯಾಗಿಯೇ ಬೆಲೆಯಿರುವುದು ಕಂಡುಬಂತು. ಚಿಕ್ಕಂದಿನಲ್ಲಿ ಅಲಕ್ಷ್ಯವಾಗಿದ್ದವರಿಗೂ ಅನಂತರದ ಜಾಗರೂಕತೆಯಿಂದ ಪ್ರಯೋಜನವಿದೆ ಎಂದಾಯಿತು. ಇಪ್ಪತ್ತರಿಂದ ನಲವತ್ತರವರೆಗೆ ಈ ಗುಣ ಹೆಚ್ಚಿನವರಲ್ಲಿ ತಾನಾಗಿಯೇ ಬೆಳೆಯುತ್ತದೆಂದು ಬೇರೆ ಅಧ್ಯಯನಗಳೂ ತೋರಿಸಿವೆ; ಸಂಸಾರದ ಭಾರ ಹೊರುವ ವಯಸ್ಸು ಅದೇ ತಾನೆ.

ಕೊನೆಯದಾಗಿ, ಈ ಮಾಹಿತಿಯ ದುರುಪಯೋಗದ ಬಗ್ಗೆ ಒಂದು ಮಾತು ಅಗತ್ಯ. ಇವೆಲ್ಲ ಸರಾಸರಿಯ ಲೆಕ್ಕಗಳು. ಒಬ್ಬ ವ್ಯಕ್ತಿಯ ಜಾತಕವಲ್ಲ. ಟರ್ಮನ್ ಆರಿಸಿದವರು ಬಹುತೇಕ ಮಧ್ಯಮವರ್ಗದ ಬಿಳಿಯ ಮಕ್ಕಳು. ಎಚ್ಚರವಾಗಿ ಬಾಳಿದವರಿಗೂ ಕ್ಯಾನ್ಸರ್ ಬರುತ್ತದೆ. ರೋಗಿಯನ್ನು ನೋಡಲು ಹೋದ ನೆಂಟರು ಹಾಸಿಗೆಯ ಬಳಿಯೇ ನಿಂತು, ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡದ್ದರಿಂದ ಹೀಗಾಯಿತು, ಚಿಂತೆ ಹೆಚ್ಚು ಮಾಡಿದೆಯಮ್ಮಾ ಎನ್ನುವುದುಂಟು. ಸ್ವೀಡನ್ ಮತ್ತು ಫಿನ್‌ಲ್ಯಾಂಡ್ ದೇಶಗಳ ಸುಮಾರು 60,000 ಜನರನ್ನು ದೀರ್ಘಕಾಲ ಅನುಸರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಂತೆಯ ಸ್ವಭಾವದಿಂದಾಗಲಿ ಅಂತರ್ಮುಖಿ ಸ್ವಭಾವದಿಂದಾಗಲಿ ಕ್ಯಾನ್ಸರ್ ಬರುವ ಸಂಭವ ಹೆಚ್ಚುವುದು ಕಂಡುಬರಲಿಲ್ಲ. ಬಂದ ಮೇಲೆ ಬದುಕುಳಿಯುವ ಸಂಭವ ಅದರಿಂದ ಕಡಿಮೆಯಾಗುವುದೂ ಕಂಡುಬರಲಿಲ್ಲ. ಭಾಷಾ ಸಮಿತಿಯನ್ನು ಮುನಿಗಳಿಗೆ ವಿಧಿಸಿದ್ದರೂ, ಆಸ್ಪತ್ರೆಯ ಆ ಕೋಣೆಯೊಳಗೆ ಅದು ಶ್ರಾವಕರಿಗೂ ಅನ್ವಯಿಸುತ್ತದೆ. ಅಲ್ಲಿ ಕೇಳಬೇಕಾದದ್ದು ಹಿಂದಿನ ಸ್ವಭಾವವನ್ನಲ್ಲ. ಮುಂದಿನ ತಪಾಸಣೆ ಯಾವ ದಿನ, ಜೊತೆಗೆ ಹೋಗಲು ಯಾರಿದ್ದಾರೆ ಎಂಬುದನ್ನು.