ಮಂಡಿ ಮಾಗಿದರೂ ಮಾಗದ ಅಂಜಿಕೆ

ಪ್ರಶ್ನೆ: ಮಗಳಿಗೆ 17 ವರ್ಷ, ಕಬಡ್ಡಿ ಆಡುತ್ತಾಳೆ. ಮಂಡಿಯೊಳಗಿನ ನಾರಾದ ಎಸಿಎಲ್‌ಗೆ ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳಾಯಿತು. ಕಾಲಿಗೆ ಬಲ ಬಂದಿದೆ ಎನ್ನುತ್ತಾರೆ ಫಿಸಿಯೋಥೆರಪಿಸ್ಟ್. ಆದರೂ ರೈಡ್ ಎಂದರೆ ಹಿಂಜರಿಯುತ್ತಾಳೆ. ಧೈರ್ಯ ಹೇಳಿದರೆ ಸಾಲದೆ?

ಉತ್ತರ: ಸಾಲದು. ಈ ಅಂಜಿಕೆ ಸ್ವಭಾವದ ದೌರ್ಬಲ್ಯವಲ್ಲ, ಗಾಯದ್ದೇ ಒಂದು ಭಾಗ. ತೊಡೆಯ ಸ್ನಾಯುವಿಗೆ ಕೊಡುವ ಹಾಗೆಯೇ ಇದಕ್ಕೂ ದಿನದ ಅಭ್ಯಾಸ ಕೊಡಬೇಕು. ಈ ಶಸ್ತ್ರಚಿಕಿತ್ಸೆಯಾದ, 48 ಅಧ್ಯಯನಗಳ 5,770 ಜನರನ್ನು ಒಟ್ಟಾಗಿ ನೋಡಿದ 2011ರ ವಿಮರ್ಶೆಯೊಂದರಲ್ಲಿ ಸುಮಾರು 90% ಜನರ ಮಂಡಿ ಸಹಜ ಅಥವಾ ಸಹಜಕ್ಕೆ ಹತ್ತಿರವಾಗಿತ್ತು. ಸ್ಪರ್ಧೆಗೆ ಮರಳಿದವರು ಮಾತ್ರ 44%. ಆಟ ಬಿಟ್ಟವರು, ಕಡಿಮೆ ಮಾಡಿದವರು ಹೆಚ್ಚಾಗಿ ಕೊಟ್ಟ ಕಾರಣ ಮತ್ತೆ ಪೆಟ್ಟಾದೀತೆಂಬ ಭಯ. ‘ಏನೂ ಆಗಲ್ಲ, ಹೋಗು’ ಎಂದು ಹುರಿದುಂಬಿಸಿದರೆ ಮಗು ಭಯವನ್ನು ಬಚ್ಚಿಡುತ್ತದೆಯೇ ಹೊರತು ಕಳೆದುಕೊಳ್ಳುವುದಿಲ್ಲ. ಬಚ್ಚಿಟ್ಟ ಭಯ ದೇಹದಲ್ಲಿ ಕಾಣಿಸಿಕೊಳ್ಳಬಹುದು: ಹೆಚ್ಚು ಅಂಜುವವರು ಜಿಗಿದು ಇಳಿಯುವಾಗ ಮಂಡಿಯನ್ನು ಸಾಕಷ್ಟು ಬಗ್ಗಿಸದೆ ಸೆಟೆದು ನಿಲ್ಲುವುದು ಕಂಡುಬಂದಿದೆ.

ಭಯವೇ ಕಾವಲಲ್ಲವೇ, ಅದನ್ನೇಕೆ ತೆಗೆಯಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸಿದ ಹೊಸ ನಾರು ಬಲಿಯಲು ಕಾಲ ಬೇಕು. ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಮರಳಿದವರಲ್ಲಿ ಮರುಗಾಯ ಹೆಚ್ಚು. ಹಾಗಾಗಿ ಈಗಲೇ ಪಂದ್ಯಕ್ಕೆ ಇಳಿಸಬೇಡಿ. ಮನಸ್ಸಿನ ತರಬೇತಿ ಅವಸರದ ದಾರಿಯಲ್ಲ. ಭಯ ಯಾವುದರದ್ದು ಎಂದು ಬಿಡಿಸಿ ನೋಡುವುದು ಅದರ ಮೊದಲ ಕೆಲಸ. ಬೋನಸ್ ಗೆರೆ ದಾಟಿ ತಿರುಗುವ ಕ್ಷಣವೇ, ಎದುರಾಳಿ ಕಣಕಾಲು ಹಿಡಿಯುವ ಕ್ಷಣವೇ? ಅವಳೇ ಹೇಳಲಿ. ಆಮೇಲೆ ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡುತ್ತಾ, ಆ ಕ್ಷಣವನ್ನು ಅಂಗಾಲಿಗೆ ಮ್ಯಾಟ್ ತಾಗುವಷ್ಟು ಸ್ಪಷ್ಟವಾಗಿ ಕಲ್ಪಿಸಿಕೊಂಡು, ಸರಿಯಾಗಿ ತಿರುಗಿ ಮರಳಲಿ. ಫಿಸಿಯೋ ಒಪ್ಪಿದ ಮೇಲೆ ಖಾಲಿ ಮ್ಯಾಟ್‌ನಲ್ಲಿ ಅದೇ ತಿರುವು, ನಂತರ ಮುಟ್ಟದೆ ನಿಲ್ಲುವ ಒಬ್ಬ ಡಿಫೆಂಡರ್, ಕಣಕಾಲಿನ ಹಿಡಿತ ಎಲ್ಲಕ್ಕಿಂತ ಕೊನೆಗೆ.

ಪುರಾವೆ ಇನ್ನೂ ತೆಳುವೆಂಬುದೂ ನಿಜ. ಮೈಮನ ಸಡಿಲಿಸುವ ಅಭ್ಯಾಸ ಮತ್ತು ಕಲ್ಪನಾಭ್ಯಾಸದಿಂದ ಮಂಡಿಯ ಬಲ ಹೆಚ್ಚಿ, ನೋವು ಮತ್ತು ಮರುಗಾಯದ ಆತಂಕ ತಗ್ಗಿತೆಂದು ತೋರಿಸಿದ 2001ರ ಪ್ರಯೋಗದಲ್ಲಿದ್ದವರು 30 ಜನ ಮಾತ್ರ. ಆದರೆ ಈ ಅಭ್ಯಾಸಕ್ಕೆ ಖರ್ಚಿಲ್ಲ, ಮಂಡಿಗೆ ಅಪಾಯವಿಲ್ಲ. ಬಲಿಷ್ಠ ಪುರಾವೆಗಾಗಿ ಕಾಯುತ್ತಾ ಮಗುವಿನ ಆಟದ ವರ್ಷಗಳನ್ನು ಕಳೆಯುವುದು ನನಗೆ ಸರಿಕಾಣದು. ಮುಂದಿನ ಭೇಟಿಯಲ್ಲಿ ಆಟಕ್ಕೆ ಮರಳಲು ಮನಸ್ಸು ಎಷ್ಟು ಸಿದ್ಧವಿದೆ ಎಂದು ಅಳೆಯುವ ಎಸಿಎಲ್-ಆರ್‌ಎಸ್‌ಐ ಎಂಬ 12 ಪ್ರಶ್ನೆಗಳ ಪಟ್ಟಿಯನ್ನು ಅವಳಿಂದ ತುಂಬಿಸಲು ಕೇಳಿ, ನೀವು ಪಕ್ಕದಲ್ಲಿ ಕೂರಬೇಡಿ. ನಿದ್ದೆ, ಊಟ, ಗೆಳತಿಯರ ಒಡನಾಟ ಎರಡು ವಾರದಿಂದ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.